ಬೆಳಿಗ್ಗೆಯೇ ಕೊಡುವುದು

ನಾಲ್ಕನೇ ವಾರ್ಡ್,
ಸರ್ಕಾರಿ ಮಾನಸಿಕ ಆಸ್ಪತ್ರೆ, ಒಹಾಯೊ

ಮೇಲ್ಮನವಿ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ಆರು ವರ್ಷದ ಹಿಂದೆ ನನ್ನ ಮನೆಗೆ ನಾನೇ ಬೆಂಕಿ ಹಚ್ಚಿದೆ. ಆಗ ನನ್ನ ಬುದ್ಧಿ ಸ್ತಿಮಿತದಲ್ಲಿರಲಿಲ್ಲವೆಂದು ಕೋರ್ಟು ಇಲ್ಲಿಗೆ ಕಳಿಸಿತು, ಅದು ಸರಿಯೇ. ಈಗ ವಾಸಿಯಾಗಿದ್ದೇನೆ, ಬಿಟ್ಟುಬಿಡಿ ಎಂದು ಹಾಕಿದ ಅರ್ಜಿಯನ್ನು ಕೆಳಗಿನ ಕೋರ್ಟು ವಜಾ ಮಾಡಿದೆ. ಮೇಲ್ಮನವಿ ಹಾಕುವುದಕ್ಕೂ ಮೊದಲು ನಿಮ್ಮ ಅನುಮತಿ ಬೇಕಂತೆ. ಗೆಲ್ಲುತ್ತೇನೆಂದು ತೋರಿಸಬೇಕಿಲ್ಲ, ತಿಳಿವಳಿಕೆಯುಳ್ಳ ಇಬ್ಬರು ನನ್ನ ವಿಷಯದಲ್ಲಿ ವಾದ ಮಾಡಬಹುದೆಂದು ತೋರಿಸಿದರೆ ಸಾಕು ಎಂದರು ನನ್ನ ವಕೀಲರು.

ಹಾಗಾದರೆ ಕೇಳಿ. ವಜಾ ಆದ ಸುದ್ದಿ ಬಂದ ದಿನ ನಾನು ಅತ್ತೆ. ಬೆಳಗಿನ ನರ್ಸ್ ಒಡೆಸ್ಸಾ ವಾರ್ಡಿನ ಪುಸ್ತಕದಲ್ಲಿ "ಅತ್ತಳು" ಎಂದಷ್ಟೇ ಬರೆದಳು. ಸಂಜೆ ಪಾಳಿಗೆ ಬಂದ ನರ್ಸ್ ಪ್ರೂಯಿಟ್, ನಾನಿನ್ನೂ ಅಳುತ್ತಿದ್ದುದನ್ನು ನೋಡಿ, "ಕಾಯಿಲೆ ಮತ್ತೆ ಕೆರಳಿದೆ" ಎಂದು ಸೇರಿಸಿದ. ನನ್ನೆದುರಿಗೇ ಜಗಳವಾಯಿತು.

"ಅಲ್ಲಯ್ಯಾ, ಅವಳ ಜಾಗದಲ್ಲಿ ನೀನಿದ್ದಿದ್ರೆ ಕುಣೀತಿದ್ಯಾ?" ಎಂದಳು ಒಡೆಸ್ಸಾ.

"ಬೆಂಕಿ ಹಚ್ಚೋ ಹಿಂದಿನ ದಿನಾನೂ ಹಿಂಗೇ ಅತ್ತಿದ್ಲಂತೆ ಕಣಮ್ಮಾ," ಎಂದ ಅವನು.

ಅವನು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ತಿಳಿವಳಿಕೆಯುಳ್ಳವರೇ.

ಅಂದಿನಿಂದ ನನಗೆ ಅಳಲೂ ಭಯ, ನಗಲೂ ಭಯ. ಅಕ್ಷರ ಸೊಟ್ಟಗಾದರೂ ಕಾಯಿಲೆ ಎಂದಾರೆಂದು ಈ ಕಾಗದವನ್ನು ನಾಲ್ಕು ಸಲ ಬರೆದಿದ್ದೇನೆ.

ದಯವಿಟ್ಟು ಅನುಮತಿ ಕೊಡಿ. ಕೊಡಲಾಗದಿದ್ದರೆ ಒಂದೇ ಒಂದು ಉಪಕಾರ ಮಾಡಿ. ನಿಮ್ಮ ಉತ್ತರದ ಲಕೋಟೆಯ ಮೇಲೆ "ಬೆಳಿಗ್ಗೆಯೇ ಕೊಡುವುದು" ಎಂದು ಬರೆಸಿ. ಸಂಜೆ ಪಾಳಿ ಬರುವಷ್ಟರಲ್ಲಿ ಅತ್ತು ಮುಗಿಸಿಕೊಳ್ಳುತ್ತೇನೆ.

ತಮ್ಮ ವಿಧೇಯಳು,
ವರ್ಡೆಲ್ ಹ್ಯಾಸ್ಕಿನ್ಸ್