ಮೇಲಧಿಕಾರಿಯ ಮೇಲೆ ಬಿದ್ದ ಡೇರೆ

ಗೆಳತಿ,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳದೆ ತಡೆಯಲಾರೆ. ಸಾಕಾಗಿ ಹೋಗಿದೆ ಕಣೇ! ಇವತ್ತು ನಮ್ಮ ಸ್ಕೌಟ್ ತಂಡದ ಹುಡುಗಿಯರು ಮೈದಾನದಲ್ಲಿ ಡೇರೆ ಹಾಕಿದ್ದರು. ತಪಾಸಣೆಗೆ ಬಂದ ಮೇಲಧಿಕಾರಿ ಒಳಗೆ ಬಗ್ಗುತ್ತಿದ್ದಂತೆ ಹಗ್ಗದ ಗಂಟು ಜಾರಿ ಅದು ಅವರ ತಲೆಯ ಮೇಲೇ ಕುಸಿಯಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಈ ಗಂಟು ಯಾರೇ ಹೇಳ್ಕೊಟ್ಟಿದ್ದು?" ಎಂದು ಹುಡುಗಿಯರ ನಾಯಕಿಯನ್ನು ಗದರಿದೆ.

"ನೀವೇ ಅಕ್ಕಾ. ಜಾರುತ್ತೆ ಅಂದಿದ್ದಕ್ಕೆ ಆ ಇನ್ನೊಬ್ರು ಅಕ್ಕನ್ನ ಬೈದ್ರಲ್ಲ!"

ಹೌದು, ಅವತ್ತು ನಿನ್ನನ್ನು ಎಲ್ಲರೆದುರಿಗೇ ಬೈದಿದ್ದೆ. ನೀನಾದರೂ ಎಂಥವಳು! ತಿರುಗಿ ಒಂದು ಮಾತು ಬೈಯಬಾರದಿತ್ತೆ? ಕೊರಳಿನ ಸ್ಕಾರ್ಫ್ ಬಿಚ್ಚಿ, ಮಡಚಿಟ್ಟು ನೀನು ತಂಡವನ್ನೇ ಬಿಟ್ಟು ಹೊರಟುಹೋದೆ.

ಅಧಿಕಾರಿ ಹೋದ ಮೇಲೆ, ನೀನು ಹೇಳುತ್ತಿದ್ದಂತೆ ಹಗ್ಗವನ್ನು ಎರಡು ಸುತ್ತು ಸುತ್ತಿ ನಾನೇ ಗಂಟು ಹಾಕಿದೆ. ಹುಡುಗಿಯರು ಕುಣಿಯುತ್ತ ಒಳಗೆ ನುಗ್ಗಿದರು. ನಾನು ಹೊರಗೇ ನಿಂತು ಹಗ್ಗವನ್ನು ಜಗ್ಗಿ ಜಗ್ಗಿ ನೋಡಿದೆ. ಒಂದಿಷ್ಟಾದರೂ ಜಾರಿದ್ದರೆ ಸಮಾಧಾನವಾಗುತ್ತಿತ್ತು. ಜಾರಲೇ ಇಲ್ಲ ಕಣೇ.