ಹತ್ತನೇ ಕ್ಲಾಸಿನ ಪಾತಮ್ಮಜ್ಜಿ ಒದ್ದ ಚೆಂಡು

ಮಾನ್ಯ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರೇ,

ಎಪ್ಪತ್ತಾರು ವರ್ಷದ ಮುದುಕಿಯೊಬ್ಬಳು ನಮ್ಮ ಫಾದರ್ ಶಾಲೆಯ ಹತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ, ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಾಳೆ ಎಂದು ತಾವು ನಂಬಿದ್ದೀರಿ. ನಂಬಿದ್ದಷ್ಟೇ ಅಲ್ಲ, ಅದನ್ನು ಟೈಪು ಮಾಡಿಸಿ, ಸಹಿ ಹಾಕಿ, ದುಂಡು ಮೊಹರು ಒತ್ತಿ, ತಾಲ್ಲೂಕು ಫೈನಲ್ ಗೆದ್ದ ನಮ್ಮ ತಂಡವನ್ನು ಅನರ್ಹಗೊಳಿಸಿದ್ದೀರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತಾವು ಕಟ್ಟಿದ್ದಲ್ಲದೆ ಕರುವಿಗೆ ನಾಮಕರಣವನ್ನೂ ಮಾಡಿದ್ದೀರಿ. ಬರುವ ಶುಕ್ರವಾರ ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಹನ್ನೊಂದು ಹುಡುಗಿಯರು ಹೋಗಬೇಕೋ ಬೇಡವೋ ಎಂದು ಮುಖ ಮುಖ ನೋಡಿಕೊಂಡು ಕೂತಿದ್ದಾರೆ. ತಮ್ಮ ಕಚೇರಿಗೆ ಕೊಟ್ಟ ಎರಡು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಈ ಮೂರನೆಯದನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ತಮ್ಮ ಆದೇಶದ ಮೂರನೇ ಪ್ಯಾರಾ ನನಗೆ ಬಾಯಿಪಾಠ ಆಗಿದೆ. ‘ಸದರಿ ವಿದ್ಯಾರ್ಥಿನಿಯು ನಿಗದಿತ ವಯೋಮಿತಿಯನ್ನು ಸುಮಾರು ಐವತ್ತೊಂಬತ್ತು ವರ್ಷಗಳಷ್ಟು ಮೀರಿರುವುದು ದಾಖಲೆಗಳಿಂದ ದೃಢಪಟ್ಟಿರುತ್ತದೆ.’ ಆಹಾ! ‘ಸುಮಾರು’ ಅಂದಿರಲ್ಲ ಸ್ವಾಮಿ, ಐವತ್ತೆಂಟೂವರೆ ಆಗಿದ್ದರೆ ಏನಾದರೂ ರಿಯಾಯಿತಿ ಸಿಗುತ್ತಿತ್ತೇ? ದಾಖಲೆ ಅಂದರೆ ಅಜ್ಜಿಯ ಆಧಾರ್ ಕಾರ್ಡು. ಅದರಲ್ಲಿ ಹುಟ್ಟಿದ ದಿನ ಜನವರಿ ಒಂದು. ನಮ್ಮ ಕಡೆ ಎಪ್ಪತ್ತು ದಾಟಿದವರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಆ ದಿನ ಸೂಲಗಿತ್ತಿಯರಿಗೆ ಎಂಥ ಓಡಾಟ ಇದ್ದಿರಬೇಕು ನೋಡಿ.

ನಾನು ಯಾರೆಂದರೆ, ಚಳ್ಳಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮಾರುತಿ. ಇಪ್ಪತ್ತೈದು ವರ್ಷದಿಂದ ಶಾಲೆಯ ಚೆಂಡುಗಳಿಗೆ ಪುಕ್ಕಟೆ ತೇಪೆ ಹಚ್ಚುತ್ತಿದ್ದೇನೆ. ಅದಕ್ಕೂ ಮೊದಲು ಅದೇ ಶಾಲೆಯ ಗೋಲ್‌ಕೀಪರ್ ಆಗಿದ್ದೆ. ಹಾಗಾಗಿ ಈ ಶಾಲೆಯ ಫುಟ್‌ಬಾಲಿನ ಚರಿತ್ರೆ ತಮಗೆ ಹೇಳುವ ಅರ್ಹತೆ ನನಗಿದೆ. ಅದನ್ನೂ ರದ್ದು ಮಾಡುವ ಮೊದಲು ಕೇಳಿಬಿಡಿ.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಮಂಗಳೂರು ಕಡೆಯಿಂದ ಫಾದರ್ ಲಿಗೋರಿ ಎಂಬವರು ದೊಡ್ಡಉಳ್ಳಾರ್ತಿ ದಾರಿಯ ಹುಲ್ಲುಗಾವಲಿನ ಅಂಚಿಗೆ ಬಂದಿಳಿದರು. ಕೈಯಲ್ಲಿ ಇದ್ದದ್ದು ಒಂದು ಟ್ರಂಕು, ಮರಿಯಮ್ಮನ ಪ್ರತಿಮೆ, ಒಂದು ಚರ್ಮದ ಚೆಂಡು. ಶಾಲೆಗೆ ಎರಡು ಕೋಣೆ ಕಟ್ಟಿಸಿದರು. ಆಡಲು ಜಾಗ ನೋಡಿದರೆ, ಸಮತಟ್ಟಾದ ಬಯಲಿನಲ್ಲೆಲ್ಲ ಪಾತಮ್ಮನ ಮಾವನ ಕುರಿ ಹಿಂಡು. ಫಾದರ್ ಹುಡುಗರನ್ನು ಆಡಿಸಿಯೇಬಿಟ್ಟರು. ಚೆಂಡು ಹೋಗಿ ಹಿಂಡಿನೊಳಗೆ ಬಿತ್ತು. ಟಗರು ಅದಕ್ಕೆ ಗುದ್ದಿತು, ಕುರಿಗಳು ಚೆಲ್ಲಾಪಿಲ್ಲಿ. ಹೊಸ ಸೊಸೆ ಪಾತಮ್ಮ, ಸೊಂಟದ ಮೇಲೆ ಕೂಸು, ಸಿಟ್ಟಿಗೆದ್ದು ಬರಿಗಾಲಲ್ಲಿ ಆ ಚೆಂಡನ್ನು ಒದ್ದಳು. ಅದು ಬಯಲಿನ ಈ ತುದಿಯಿಂದ ಹಾರಿ ಆ ತುದಿಯಲ್ಲಿದ್ದ ಫಾದರ್ ಕಾಲ ಬುಡದಲ್ಲಿ ಬಿತ್ತು. ಜೊತೆಗೆ ತವರುಮನೆ ಮೊಳಕಾಲ್ಮುರು ಕಡೆಯ ತೆಲುಗಿನಲ್ಲಿ ನಾಲ್ಕು ಬೈಗುಳವೂ ಹೋಗಿ ತಲುಪಿದವು. ಫಾದರ್‌ಗೆ ತೆಲುಗು ಬರುತ್ತಿರಲಿಲ್ಲ, ಪುಣ್ಯ. “ಇದು ಎಂಥ ಒದೆ ಮಾರಾಯ್ರೆ!” ಎಂದು ಕೈಮುಗಿದರಂತೆ.

ಅವತ್ತೇ ಒಪ್ಪಂದ ಆಯಿತು. ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ತನಕ ಬಯಲು ಕುರಿಗಳದು, ಸಂಜೆ ಮಕ್ಕಳದು. ಹುಲ್ಲು ಕತ್ತರಿಸುವ ಕೆಲಸ ಕುರಿಗಳೇ ನೋಡಿಕೊಳ್ಳುತ್ತವೆ. ಬದಲಿಗೆ, ಆ ನೆಲದಲ್ಲಿ ಯಾವ ಪಂದ್ಯ ನಡೆದರೂ ರೆಫರಿ ಸೀಟಿ ಊದುವ ಮೊದಲು ಮೊದಲ ಒದೆ ಪಾತಮ್ಮನದು. ಕಾಗದ ಇಲ್ಲ, ಸಾಕ್ಷಿ ಇಲ್ಲ, ಐವತ್ತು ವರ್ಷ ಮೀರಿ ನಡೆದಿದೆ. ಪಂದ್ಯದ ದಿನ ಫಾದರ್ ಚೆಂಡಿಗೆ ಪವಿತ್ರ ಜಲ ಚಿಮುಕಿಸುತ್ತಾರೆ. ಗೊಲ್ಲರಹಟ್ಟಿ, ನಾಯಕರಹಟ್ಟಿ ಕಡೆಯ ನಮ್ಮ ಹುಡುಗರು ಮೂರು ಸಲ ‘ನಮೋ ಮರಿಯಾ’ ಜಪ ತಪ್ಪಿಲ್ಲದೆ ಹೇಳುತ್ತಾರೆ. ಆಮೇಲೆ ಪಾತಮ್ಮಜ್ಜಿ ಗೋಲಿನ ಕಂಬಕ್ಕೆ ಕರಿ ಉಣ್ಣೆಯ ದಾರ ಕಟ್ಟುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಫಾದರ್‌ಗೆ ಆಕಾಶದಲ್ಲಿ ಏನೋ ನೋಡುವುದು ಇರುತ್ತದೆ. ಫಾದರ್‌ಗಳು ವರ್ಗವಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ, ಎಲ್ಲರೂ ಬಂದ ವರ್ಷವೇ ಆಕಾಶ ನೋಡುವುದನ್ನು ಕಲಿಯುತ್ತಾರೆ.

ಒಬ್ಬರು ಮಾತ್ರ ಕಲಿಯಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಬಂದಿದ್ದ ಶಿಸ್ತಿನ ಫಾದರ್ ಒಬ್ಬರು ಆ ವರ್ಷ ಅಜ್ಜಿಯ ಒದೆ ನಿಲ್ಲಿಸಿದರು. ಅವತ್ತು ನಾವು ಒಂಬತ್ತು ಗೋಲಿನಿಂದ ಸೋತೆವು. ಒದೆ ನಿಂತದ್ದಕ್ಕೇ ಸೋತೆವು ಎಂದು ನಾನು ಹೇಳುವುದಿಲ್ಲ, ನನ್ನ ಎರಡು ಕೈಗಳ ಪಾತ್ರವೂ ಅದರಲ್ಲಿದೆ. ಆದರೆ ಮರುವರ್ಷ ಆ ಫಾದರ್ ತಾವೇ ಹಟ್ಟಿಗೆ ಹೋಗಿ ಅಜ್ಜಿಯನ್ನು ಕರೆತಂದರು. ಒಬ್ಬ ಪಾದ್ರಿಗೆ ಒಂದು ವರ್ಷದಲ್ಲಿ ಅರ್ಥವಾದದ್ದು ತಮ್ಮ ಕಚೇರಿಗೆ ಯಾಕೆ ಅರ್ಥವಾಗಬಾರದು?

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಸ್ವರ ಸ್ವಲ್ಪ ಇಳಿಯುತ್ತದೆ, ಕ್ಷಮಿಸಬೇಕು. ನಮ್ಮ ಕಡೆ ಯಾವ ಪಟ್ಟಿ ಬರೆದರೂ ಮೊದಲು ಹಿರಿಯರ ಹೆಸರು. ಮದುವೆ ಕಾರ್ಡಿನಲ್ಲಿ ಸತ್ತ ಮುತ್ತಾತನಿಂದ ಶುರುಮಾಡಿ ಮದುವೆ ಗಂಡಿನ ಹೆಸರಿಗೆ ಬರುವಷ್ಟರಲ್ಲಿ ಕಾರ್ಡೇ ಮುಗಿದಿರುತ್ತದೆ. ಹಾಗೆಯೇ ಡ್ರಿಲ್ ಮೇಷ್ಟ್ರು ಮಲ್ಲಿಕಾರ್ಜುನಪ್ಪನವರು ತಂಡದ ಪಟ್ಟಿಯ ಮೇಲ್ತುದಿಯಲ್ಲಿ ‘ಶ್ರೀಮತಿ ಪಾತಮ್ಮ’ ಎಂದು ಬರೆದು, ಅದರ ಕೆಳಗೆ ಆಟಗಾರರನ್ನು ಬರೆಯುತ್ತಾ ಬಂದಿದ್ದಾರೆ. ಅವರಿಗೂ ಹಿಂದಿನ ಮೇಷ್ಟ್ರು ಹಾಗೇ ಬರೆಯುತ್ತಿದ್ದರು. ಆ ಕಾಗದಗಳು ಪ್ರತಿವರ್ಷ ತಮ್ಮ ಕಚೇರಿಗೆ ಬಂದಿವೆ. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಯಾರೂ ಓದಲಿಲ್ಲ.

ಈ ವರ್ಷ ಎಲ್ಲ ಆನ್‌ಲೈನ್ ಎಂದಿರಿ. ಮೇಷ್ಟ್ರು ಪಟ್ಟಿಯನ್ನೂ ಆಧಾರ್ ನಕಲುಗಳನ್ನೂ ನನ್ನ ಕೈಗೆ ಕೊಟ್ಟು ಲೋಹಿತನ ಕಂಪ್ಯೂಟರ್ ಸೆಂಟರಿಗೆ ಕಳಿಸಿದರು. ಅಜ್ಜಿ ತನ್ನದೂ ಒಂದು ನಕಲು ಕೊಟ್ಟಿದ್ದಳು, ಎಲ್ಲರೂ ಕೊಡುತ್ತಿದ್ದಾರಲ್ಲ ಎಂದು. ಲೋಹಿತ ಮೊದಲ ಹೆಸರಿಗೇ ನಿಂತ.

“ಅಣ್ಣ, ಇದು ಕ್ಲಾಸ್ ಕೇಳ್ತೈತೆ. ಅಜ್ಜಿಗೆ ಏನಂತ ಹಾಕ್ಲಿ?”

“ಹತ್ತು ಅಂತ ಹಾಕಲೇ.”

“ಹೆಸ್ರು ಬಿಟ್ಬಿಡ್ಲಾ?”

“ಲೇ, ಹಿರೇರ ಹೆಸ್ರು ಬಿಡ್ತೀಯಾ? ನಿನ್ಗೆ ಒಳ್ಳೇದಾಗ್ತೈತಾ? ಹಾಕಲೇ.”

ಹಾಕಿದ. ಕಂಪ್ಯೂಟರ್ ಒಪ್ಪಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ, ನೇರವಾಗಿಯೇ ಹೇಳುತ್ತೇನೆ: ಆ ಕುಂಬಳಕಾಯಿ ಹೊತ್ತವನು ನಾನೇ. ತಪ್ಪು ಅಜ್ಜಿಯದಲ್ಲ, ಮೇಷ್ಟ್ರದಲ್ಲ, ಹುಡುಗಿಯರದಂತೂ ಅಲ್ಲವೇ ಅಲ್ಲ.

ಫೈನಲ್ ನಮ್ಮ ಬಯಲಿನಲ್ಲೇ ನಡೆಯಿತು. ಶಾಲೆಯ ಚರಿತ್ರೆಯಲ್ಲಿ ಹುಡುಗಿಯರ ಮೊದಲ ತಂಡ. ಗೋಲಿನಲ್ಲಿ ನಿಂತವಳು ಅಜ್ಜಿಯ ಮೊಮ್ಮಗಳು ತೇಜಶ್ರೀ. ಅಜ್ಜಿ ಒದ್ದಳು, ಹೋಗಿ ಬೇಲಿ ಪಕ್ಕ ಕಂಬಳಿ ಹಾಸಿಕೊಂಡು ಕೂತಳು, ಆಮೇಲೆ ರೆಫರಿ ಸೀಟಿ ಊದಿದ. ಒಂದು ಗೋಲಿನಿಂದ ಗೆದ್ದೆವು. ನಾಲ್ಕು ದಿನದ ಮೇಲೆ ತಾವು ಎಪ್ಪತ್ತಾರರ ‘ವಿದ್ಯಾರ್ಥಿನಿ’ಯನ್ನು ವಿಚಾರಣೆಗೆ ಕರೆಸಿದಿರಿ. ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

“ನೀವು ಎಷ್ಟನೇ ತರಗತಿ?” ಎಂದಿರಿ. ಎದುರಿಗೆ ಹಲ್ಲಿಲ್ಲದ ಬಾಯಿ, ಹಣ್ಣಾದ ಕೂದಲು. ಆದರೂ ಕೇಳಿದಿರಿ, ಶಭಾಷ್.

“ಇಸ್ಕೂಲ್ ಬಾಗ್ಲತಂಕ ಕುರಿ ಹೊಡ್ಕಂಡು ಹೋಗೀನಿ ಸಾಮಿ. ಒಳಗೆ ಹೋಗಿಲ್ಲ.”

“ಮೈದಾನದಲ್ಲಿ ಚೆಂಡು ಒದ್ದದ್ದು ನಿಜವೋ ಸುಳ್ಳೋ?”

“ಒದ್ದೀನಿ. ಸುಳ್ಳ್ ಯಾಕೇಳ್ಲಿ? ಐವತ್ತೊರ್ಸದಿಂದ್ಲೂ ಒದ್ದೀನಿ.”

ತಾವು ‘ತಪ್ಪೊಪ್ಪಿಕೊಂಡಿರುತ್ತಾರೆ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಹತ್ತನೇ ತರಗತಿಯ ವಿದ್ಯಾರ್ಥಿನಿ ಹೆಬ್ಬೆಟ್ಟು ಒತ್ತುತ್ತಿದ್ದಾಳಲ್ಲ ಎಂಬ ಅನುಮಾನ ತಮಗೆ ಆಗಲೂ ಬರಲಿಲ್ಲವೇ? ಬಾಗಿಲಲ್ಲಿ ನಿಂತ ನಾನು ಒಳಗೆ ನುಗ್ಗಿ ‘ಹತ್ತು ಅಂತ ಹಾಕಿಸಿದವನು ನಾನು’ ಎನ್ನಬೇಕಿತ್ತು. ಸಾಹೇಬರ ಮುಂದೆ ನಾಲಿಗೆ ಏಳಲಿಲ್ಲ. ಅದಕ್ಕೆ ನನಗೆ ನಾಚಿಕೆಯಿದೆ.

ಹಟ್ಟಿ ಬಂದ ಮೇಲೆ ಅಜ್ಜಿ ಸ್ಕೂಟರಿನಿಂದ ಇಳಿದು, “ಮಾರುತಿ, ನನ್ ಕಾಲಿಂದ ಹುಡ್ಗೇರಿಗೆ ಕೇಡಾತೇನಪ್ಪ?” ಎಂದಳು. ಅವತ್ತಿನಿಂದ ಬಯಲಿನ ಕಡೆಗೆ ಕುರಿಯನ್ನೂ ಹೊಡೆಯುತ್ತಿಲ್ಲ. ಹುಲ್ಲು ಮೊಣಕಾಲಿಗೆ ಬರುತ್ತಿದೆ. ತೇಜಶ್ರೀ ಗ್ಲೌಸು ಬಿಚ್ಚಿಟ್ಟು, “ಅಜ್ಜಿ ಬರೋ ತಂಕ ನಾನೂ ನಿಲ್ಲಲ್ಲ” ಎಂದು ಕೂತಿದ್ದಾಳೆ.

ಆದ್ದರಿಂದ ತಮ್ಮ ಮುಂದೆ ಎರಡು ದಾರಿ ಇಡುತ್ತೇನೆ. ಪಾತಮ್ಮಜ್ಜಿ ವಿದ್ಯಾರ್ಥಿನಿ ಅಲ್ಲ ಎನ್ನುವುದಾದರೆ ಬುಧವಾರ ಸಂಜೆ ಐದರೊಳಗೆ ಆದೇಶ ಹಿಂಪಡೆದು ಹುಡುಗಿಯರನ್ನು ಚಿತ್ರದುರ್ಗಕ್ಕೆ ಕಳಿಸಿ. ಸೋತ ತಂಡದ ನಾಯಕಿಯೇ ‘ಅಜ್ಜಿ ಒದ್ದದ್ದು ಸೀಟಿಗೆ ಮುಂಚೆ’ ಎಂದು ಬರೆದುಕೊಟ್ಟಿದ್ದಾಳೆ, ಲಗತ್ತಿಸಿದ್ದೇನೆ. ಅಲ್ಲ, ಆಕೆ ವಿದ್ಯಾರ್ಥಿನಿಯೇ ಎನ್ನುವುದಾದರೆ ಸಂತೋಷ. ನಾಳೆಯಿಂದಲೇ ಆಕೆಗೆ ಬಿಸಿಯೂಟ, ಮೊಟ್ಟೆ, ಪಠ್ಯಪುಸ್ತಕ ಕೊಡಿಸಿ. ಮಾರ್ಚಿನಲ್ಲಿ ಪರೀಕ್ಷೆಗೆ ಹಾಲ್ ಟಿಕೆಟ್ಟೂ ಬರಬೇಕು. ಗಣಿತಕ್ಕೆ ಟ್ಯೂಷನ್ ತಾವೇ ಹೇಳಿಕೊಡಿ, ಹದಿನೇಳನ್ನು ಎಪ್ಪತ್ತಾರರಲ್ಲಿ ಕಳೆಯುವುದು ತಮಗೆ ಚೆನ್ನಾಗಿ ಬರುತ್ತದೆ.

ಇಷ್ಟು ಬರೆದು, ನಿನ್ನೆ ಸಂಜೆ ಹಟ್ಟಿಗೆ ಹೋಗಿ ಅಜ್ಜಿಗೆ ಓದಿ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಆ ಸಾಹೇಬ್ರು ಸಣ್ಣೋರಿದ್ದಾಗ ಯಾರೂ ಆಡೋಕೆ ಕರ್ಕಂಡಿಲ್ಲ ಅಂತ ಕಾಣ್ತೈತೆ, ಪಾಪ. ಕರ್ಕಂಡ್ ಬಾರಪ್ಪ. ಇನ್ಮ್ಯಾಲೆ ಮೊದ್ಲು ಅವ್ರೇ ಒದೀಲಿ, ನಾನು ಬೇಲಿ ಹತ್ರ ಕುಂತಿರ್ತೀನಿ. ಹುಡ್ಗೇರನ್ನ ಆಡೋಕೆ ಬಿಟ್ರೆ ಸಾಕು” ಎಂದಳು.

ಆಕೆಗೆ ಜಗತ್ತು ಕೊಟ್ಟಿದ್ದ ಒಂದೇ ಒಂದು ಹಕ್ಕು ಅದು. ಅದನ್ನು ತಮಗೆ ಬಿಟ್ಟುಕೊಡಲು ಸಿದ್ಧಳಾಗಿದ್ದಾಳೆ. ಕೈಮುಗಿದು ಕೇಳುತ್ತೇನೆ, ಅದನ್ನು ಮಾತ್ರ ತೆಗೆದುಕೊಳ್ಳಬೇಡಿ. ಬನ್ನಿ, ಬೇಲಿ ಪಕ್ಕದ ಕಂಬಳಿಯ ಮೇಲೆ ತಾವು ಕೂತುಕೊಳ್ಳಿ, ಅಜ್ಜಿ ಒದೆಯಲಿ.

ಇಂತಿ,
ತಮ್ಮ ಉತ್ತರಕ್ಕಾಗಿ ಅಂಗಡಿ ಬಾಗಿಲಲ್ಲೇ ಕೂತಿರುವ,
ಮಾರುತಿ
ಒಂಬತ್ತು ಗೋಲು ಬಿಟ್ಟವನು, ‘ಹತ್ತು ಅಂತ ಹಾಕಲೇ’ ಅಂದವನು
ಪಂಕ್ಚರ್ ಅಂಗಡಿ, ಚಳ್ಳಕೆರೆ