ಗೂಟದಲ್ಲೇ ಉಳಿದ ಟೇಪು

ಗುರುವಾರ, ಮಾರ್ಚ್ ೧೪

ಬೆಳಗಿನಿಂದ ಮನೆಯಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಗರ್ಭಕೋಶ ತೆಗೆಸಿದ ಮೇಲೆ ನನಗೆ ಅಳು, ಸಿಟ್ಟು ಯಾವಾಗ ನುಗ್ಗುತ್ತದೋ ಗೊತ್ತಾಗದೆ ನಾನೇ ಒಂದು ಗುರುತು ಹೇಳಿಕೊಟ್ಟಿದ್ದೆ: ಹೊಲಿಗೆಯ ಅಳತೆ ಟೇಪು ನನ್ನ ಕೊರಳಲ್ಲಿದ್ದರೆ ಮಾತಾಡಿಸಿ, ಗೂಟದಲ್ಲಿದ್ದರೆ ತಂಟೆಗೆ ಬರಬೇಡಿ.

ಇವತ್ತು ಬರೀ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ. ಟೇಪು ಬೇಕಾಗಲೇ ಇಲ್ಲ. ಖುಷಿಯಲ್ಲಿ ಹಾಡಿಕೊಂಡು ಕೂತಿದ್ದೆ. ಸಂಜೆ ತಡೆಯಲಾರದೆ ಕೇಳಿದೆ, "ಯಾಕ್ರೀ, ಎಲ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ದೀರಿ?"

ಇವರು ಕಣ್ಣಲ್ಲೇ ಗೂಟ ತೋರಿಸಿದರು. ಅತ್ತೆ ಪಿಸುಗುಟ್ಟಿದರು, "ಅದರ ಮೇಲೆ ಹಾಡ್ತಾ ಬೇರೆ ಇದ್ಯಲ್ಲಮ್ಮ, ಇನ್ನೂ ಭಯ ಆಯ್ತು."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಪರೇಷನ್ ಆದ ಜಾಗ ಚೂರೂ ನೋಯಲಿಲ್ಲ! ಟೇಪು ತೆಗೆದು ಅತ್ತೆಯ ಕೊರಳಿಗೇ ಹಾಕಿದೆ. ಆಗ ಶುರುವಾದ ಅವರ ಮಾತು ಇನ್ನೂ ನಿಂತಿಲ್ಲ. ಇವರಂತೂ ಒಮ್ಮೆ ಖಾಲಿ ಗೂಟ ನೋಡುತ್ತಾರೆ, ಒಮ್ಮೆ ನನ್ನ ಮುಖ...